ಚುರುಟಿನ ಪಟ್ಟಿಗಳ ಭಾವಚಿತ್ರ: ಒಂದು ವಿಮರ್ಶೆ

ಚುರುಟಿನ ಮೈಗೆ ಸುತ್ತಿದ ಬಣ್ಣದ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಜೋಡಿಸಿ, ಅಂಟಿಸಿ ರಚಿಸಿದ ಭಾವಚಿತ್ರಗಳು ಅಮೆರಿಕದ ಚಿತ್ರಶಾಲೆಗಳಲ್ಲಿ ಈಗ ಸ್ಥಾನ ಪಡೆದಿವೆ. ಇವನ್ನು ನೋಡಿದವರು ಮೊದಲು ಕೊಂಡಾಡುವುದು ಮಾಡಿದವನ ತಾಳ್ಮೆಯನ್ನು. ತಾಳ್ಮೆಯು ಕುಶಲಕರ್ಮಕ್ಕೆ ಬೇಕಾದ ಗುಣವೇ ಹೊರತು ಕಲೆಯ ಲಕ್ಷಣವಲ್ಲ; ಹುಲ್ಲುಕಡ್ಡಿಯಿಂದ ಕೋಟೆಯನ್ನು ಕಟ್ಟುವವನಿಗೂ ಅದು ಉಂಟು. ಆದುದರಿಂದ ಈ ಚಿತ್ರಗಳ ಆಕರ್ಷಣೆಯು ಯಾವುದರಲ್ಲಿದೆ, ಅದನ್ನು ಕಲಾನಂದವೆಂದು ಕರೆಯಬಹುದೇ ಎಂಬುದನ್ನು ಇಲ್ಲಿ ವಿಚಾರಮಾಡತಕ್ಕದ್ದಾಗಿದೆ.

ಮೊದಲು ಸಾಮಗ್ರಿಯನ್ನು ನೋಡೋಣ. ಹವಾನಾ ನಗರದಲ್ಲಿ ಗುಸ್ಟಾವ್ ಬಾಕ್ ಎಂಬ ವರ್ತಕನು ತನ್ನ ಚುರುಟುಗಳನ್ನು ಅನ್ಯರ ಖೋಟಾ ಸರಕಿನಿಂದ ಬೇರ್ಪಡಿಸುವುದಕ್ಕಾಗಿ ಈ ಪಟ್ಟಿಯನ್ನು 19ನೆಯ ಶತಮಾನದಲ್ಲಿ ಬಳಕೆಗೆ ತಂದನೆಂದು ಪರಂಪರೆಯಾಗಿ ಹೇಳುತ್ತಾರೆ. ಕಲ್ಲಚ್ಚಿನ ಬಣ್ಣದ ಮುದ್ರಣವು ಬೆಳೆದಂತೆ ಈ ಅಂಗುಲದಗಲದ ಕಾಗದವು ಒಂದು ಸಣ್ಣ ಆಸ್ಥಾನವೇ ಆಯಿತು. ಅರಸರ ಮುಖಗಳು, ಕಿರೀಟ, ರಾಜಲಾಂಛನ, ಪ್ರದರ್ಶನಗಳಲ್ಲಿ ಗೆದ್ದ ಪದಕಗಳು, ಇವೆಲ್ಲವೂ ಹೊನ್ನಿನ ಬಣ್ಣದ ಲೋಹದ ಪುಡಿಯಿಂದ ಮಿನುಗುತ್ತ, ಉಬ್ಬಚ್ಚಿನಲ್ಲಿ ಎದ್ದು ನಿಂತು, ಒಂದು ಎಲೆಯ ಸುರುಳಿಗೆ ಗೌರವವನ್ನು ತಂದುಕೊಟ್ಟವು. ಈ ವೈಭವದ ಆಯುಸ್ಸು ಒಂದು ಚುರುಟು ಉರಿಯುವಷ್ಟು ಹೊತ್ತು ಮಾತ್ರ. ಎಲೆಯನ್ನು ಸುತ್ತಿದವನ ಹೆಸರಿಗಾಗಲಿ ಮುಖಕ್ಕಾಗಲಿ ಅದರಲ್ಲಿ ಎಡೆಯಿರಲಿಲ್ಲವೆಂಬುದನ್ನೂ ವಾಚಕರು ನೆನಪಿನಲ್ಲಿಡಬೇಕು.

1900ರ ಆಸುಪಾಸಿನಲ್ಲಿ ಅಮೆರಿಕದ ಮನೆಗಳಲ್ಲಿ ಈ ಪಟ್ಟಿಗಳನ್ನು ಕೂಡಿಟ್ಟು ಅಲಂಕಾರಕ್ಕೆ ಬಳಸುವ ಹವ್ಯಾಸವು ಹಬ್ಬಿತು. ಗಾಜಿನ ತಟ್ಟೆಯ ಹಿಂಬದಿಗೆ ನಡುವೆ ಒಂದು ಮುಖವನ್ನು, ಸುತ್ತಲೂ ಪಟ್ಟಿಗಳನ್ನು ವರ್ತುಲವಾಗಿ ಅಂಟಿಸಿ, ಕೆಳಗೆ ದಪ್ಪ ಬಟ್ಟೆಯನ್ನು ಹಚ್ಚುತ್ತಿದ್ದರು. ಇವು ಕಣ್ಣಿಗೆ ಇಂಪಾಗಿವೆ. ಆದರೆ ಒಮ್ಮೆ ನೋಡಿದರೆ ತೀರಿತು. ನಮ್ಮ ಆಲಂಕಾರಿಕರು ಅಕ್ಷರಗಳನ್ನು ಪದ್ಮದ, ಖಡ್ಗದ ಆಕಾರದಲ್ಲಿ ನಿಲ್ಲಿಸುವ ಚಿತ್ರಕಾವ್ಯವನ್ನು ಕಡೆಯ ದರ್ಜೆಗೆ ಸೇರಿಸಿದುದು ಇದೇ ಕಾರಣದಿಂದ. ಅಲ್ಲಿ ಜೋಡಣೆಯುಂಟು, ಧ್ವನಿಯಿಲ್ಲ. ತಟ್ಟೆಯ ಮೇಲಿನ ಪಟ್ಟಿಯು ಬರಿಯ ಬಣ್ಣವಾಗಿ ಉಳಿಯುತ್ತದೆ. ತಾನು ಎಲ್ಲಿಂದ ಬಂದೆನೆಂಬುದನ್ನು ಅದು ಹೇಳುವುದಿಲ್ಲ.

ಇದಕ್ಕಿಂತ ಬೇರೆಯಾದ ಮಾರ್ಗವನ್ನು ಫೆಲಿಪೆ ಹೆಸೂಸ್ ಕೊನ್ಸಾಲ್ವೋಸ್ ಎಂಬವನ ಕೃತಿಗಳಲ್ಲಿ ಕಾಣುತ್ತೇವೆ. ಈತನು 1891ರಲ್ಲಿ ಕ್ಯೂಬಾದಲ್ಲಿ ಹುಟ್ಟಿ, 1920ರ ಸುಮಾರಿಗೆ ಅಮೆರಿಕಕ್ಕೆ ವಲಸೆಹೋಗಿ, ಚುರುಟು ಸುತ್ತುವ ಕೆಲಸದಿಂದ ಜೀವಿಸಿ, 1960ರ ಸುಮಾರಿಗೆ ತೀರಿಕೊಂಡನು. ಬದುಕಿರುವಾಗ ಇವನನ್ನು ಕಲಾವಿದನೆಂದು ಲೋಕವು ಅರಿಯಲಿಲ್ಲ. 1983ರಲ್ಲಿ ಫಿಲಡೆಲ್ಫಿಯಾದಲ್ಲಿ ಮನೆಯೊಂದರ ಹಳೆಯ ಸಾಮಾನುಗಳನ್ನು ಮಾರುವಾಗ ಇವನ ನೂರಾರು ಕೃತಿಗಳು ಒಟ್ಟಿಗೆ ಬೆಳಕಿಗೆ ಬಂದವು. ಹಳೆಯ ಛಾಯಾಚಿತ್ರಗಳು, ಅಚ್ಚಾದ ಭಾವಚಿತ್ರಗಳು, ವಾದ್ಯಗಳು, ಮೇಜು ಕುರ್ಚಿಗಳು, ಇವೆಲ್ಲದರ ಮೇಲೂ ಈತನು ಚುರುಟಿನ ಪಟ್ಟಿಗಳನ್ನೂ ಪೆಟ್ಟಿಗೆಯ ಚೀಟಿಗಳನ್ನೂ ಅಂಚೆಯ ಮುದ್ರೆಗಳನ್ನೂ ಪತ್ರಿಕೆಯ ತುಣುಕುಗಳನ್ನೂ ಹಾಸಿದ್ದಾನೆ.

ಇಲ್ಲಿ ನಡೆಯುವ ವ್ಯಾಪಾರಕ್ಕೆ ಶ್ಲೇಷವೆಂಬ ಹೆಸರೇ ತಕ್ಕುದೆಂದು ನಮಗೆ ತೋರುತ್ತದೆ. ಶ್ಲೇಷದಲ್ಲಿ ಒಂದೇ ಶಬ್ದವು ಎರಡು ಅರ್ಥಗಳನ್ನು ಹೊರುತ್ತದೆ. ಎರಡೂ ಜೀವಂತವಾಗಿದ್ದರೆ ಮಾತ್ರ ರಸಿಕನಿಗೆ ಸಂತೋಷ. ದೂರದಿಂದ ನೋಡಿದಾಗ ಪಟ್ಟಿಯು ಭಾವಚಿತ್ರದ ಉಡುಪಿನ ಅಂಚಾಗಿಯೋ ಎದೆಯ ಮೇಲಿನ ಪದಕವಾಗಿಯೋ ಕಾಣುತ್ತದೆ. ಹತ್ತಿರ ಹೋದರೆ ಅದು ಪುನಃ ಅಂಗಡಿಯ ಸರಕಿನ ಗುರುತೇ ಆಗುತ್ತದೆ. ಗಣ್ಯನ ಗಾಂಭೀರ್ಯಕ್ಕೂ ಚುರುಟಿನ ಜಾಹೀರಾತಿಗೂ ಆಭರಣವೊಂದೇ ಎಂದು ತಿಳಿದಾಗ ನಗೆಯೂ ವಿಚಾರವೂ ಒಟ್ಟಿಗೆ ಹುಟ್ಟುತ್ತವೆ. 16ನೆಯ ಶತಮಾನದಲ್ಲಿ ಆರ್ಚಿಂಬೋಲ್ಡೋ ಎಂಬ ಇಟಲಿಯ ಚಿತ್ರಕಾರನು ಎರಡನೆಯ ರುಡಾಲ್ಫ್ ಚಕ್ರವರ್ತಿಯ ಮುಖವನ್ನು ಹಣ್ಣು ತರಕಾರಿಗಳಿಂದ ರಚಿಸಿದನು. ಅದೂ ಶ್ಲೇಷವೇ, ಆದರೆ ಆ ಹಣ್ಣುಗಳು ಕುಂಚದಿಂದ ಬರೆದವು. ಇಲ್ಲಿಯಾದರೋ ಪಟ್ಟಿಯು ಪಟ್ಟಿಯೇ. ನಮ್ಮ ಮೈಸೂರಿನ ಸಂಪ್ರದಾಯದ ಚಿತ್ರಗಳಲ್ಲಿ ಉಬ್ಬುಗೆಲಸದ ಮೇಲೆ ಹಚ್ಚಿದ ಚಿನ್ನದ ರೇಕು ದೇವತೆಯ ಮಹಿಮೆಯನ್ನು ಸಾರುವುದನ್ನು ಬಲ್ಲವರಿಗೆ ಈ ಭೇದವು ಸುಲಭವಾಗಿ ತಿಳಿಯುತ್ತದೆ: ಆ ಹೊನ್ನು ಪೂಜ್ಯವಸ್ತುವಿಗಾಗಿಯೇ ಬಂದದ್ದು; ಈ ಹೊನ್ನು ಸರಕಿನ ಮೈಯಿಂದ ಕಳಚಿ ತಂದದ್ದು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. 1912ರಲ್ಲಿ ಪಿಕಾಸೋ ಚಿತ್ರಪಟಕ್ಕೆ ಮೇಣಗಪ್ಪಡವನ್ನು ಅಂಟಿಸಿದನು. 1919ರಿಂದ ಜರ್ಮನಿಯ ಶ್ವಿಟರ್ಸ್ ಬೀದಿಯ ಕಾಗದದ ಚೂರುಗಳಿಂದ ಚಿತ್ರಗಳನ್ನು ಕಟ್ಟಿದನು. ಅವರು ಬುದ್ಧಿಪೂರ್ವಕವಾಗಿ ಮಾಡಿದುದನ್ನು ಈ ಕಾರ್ಮಿಕನು ಅರಿಯದೆ ಮಾಡಿದನೆಂದು ಕೆಲವರು ಭಾವಿಸಬಹುದು. ಈ ದಯೆಯ ಮಾತನ್ನು ನಾವು ಒಪ್ಪಲಾರೆವು. ಕಾಗದವನ್ನು ಅಂಟಿಸುವ ಕಲೆಯು ಪ್ಯಾರಿಸ್ಸಿನಲ್ಲಿ ಹುಟ್ಟಿದುದಲ್ಲ. ಇಂಗ್ಲೆಂಡಿನ ಮೇರಿ ಡೆಲಾನಿ ಎಂಬ ಮಹಿಳೆಯು 1772ರಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ, ಮೊದಲುಮಾಡಿ ಸಾವಿರದ ಹತ್ತಿರ ಹೂಗಳನ್ನು ಕತ್ತರಿಸಿದ ಕಾಗದದಿಂದಲೇ ರಚಿಸಿದಳು. ಮತ್ತು ಚುರುಟಿನ ಕಾರ್ಖಾನೆಯು ಅಜ್ಞಾನದ ಮನೆಯಾಗಿರಲಿಲ್ಲ. 1865ರಲ್ಲಿ ಹವಾನಾದಲ್ಲಿ ಆರಂಭವಾದ ಒಂದು ಪದ್ಧತಿಯಂತೆ ಕಾರ್ಮಿಕರು ತಮ್ಮ ಕೂಲಿಯಿಂದಲೇ ವಂತಿಗೆ ಹಾಕಿ ಓದುಗನೊಬ್ಬನನ್ನು ಇಟ್ಟುಕೊಂಡು, ಕೈ ಎಲೆಯನ್ನು ಸುತ್ತುತ್ತಿರುವಾಗ ವೃತ್ತಪತ್ರಿಕೆಗಳನ್ನೂ ಕಾದಂಬರಿಗಳನ್ನೂ ಕೇಳುತ್ತಿದ್ದರು. ಅಂತಹ ವೃತ್ತಿಯಲ್ಲಿ ಬೆಳೆದವನ ವ್ಯಂಗ್ಯವನ್ನು ಆಕಸ್ಮಿಕವೆನ್ನುವುದು ವಿಮರ್ಶೆಯಲ್ಲ, ಉದಾಸೀನ.

ಹಾಗೆಂದು ಅವನ ಕೃತಿಗಳೆಲ್ಲವೂ ಸಮಾನವಲ್ಲ. ಎಡೆಯನ್ನೇ ಬಿಡದೆ ತುಂಬುವ ಹಂಬಲವು ಅವನಲ್ಲಿ ಪ್ರಬಲವಾಗಿದೆ; ಹೀಗೆ ತುಂಬಿದಲ್ಲಿ ಪಟ್ಟಿಗಳ ಹೊಳಪಿನ ನಡುವೆ ಮುಖವು ಮುಳುಗಿ, ಎರಡು ಅರ್ಥಗಳಲ್ಲಿ ಒಂದು ಕಾಣದಾಗುತ್ತದೆ. ಔಚಿತ್ಯವನ್ನು ಬಿಟ್ಟ ಅಲಂಕಾರವು ಭಾರವೆಂಬ ನಿಯಮವು ಇಲ್ಲಿಯೂ ಸಲ್ಲುತ್ತದೆ. ಆದರೆ ಮುಖವೂ ಪಟ್ಟಿಯೂ ಒಂದನ್ನೊಂದು ನುಂಗದೆ ನಿಂತಲ್ಲಿ ಈ ಭಾವಚಿತ್ರಗಳು ಉತ್ತಮ ಕಲೆಯೇ ಸರಿ. ಎಸೆಯುವ ಕಾಗದದಲ್ಲಿ ಇದ್ದ ಪದವಿಗಳನ್ನೆಲ್ಲ ಎಲೆಯನ್ನು ಸುತ್ತುವ ಕೈಯೇ ಮರಳಿ ಹಂಚಿ, ಯಾರಿಗೆ ಯಾವುದು ತಕ್ಕುದೆಂಬುದನ್ನು ತಾನೇ ತೀರ್ಮಾನಿಸಿದೆ. ಇವುಗಳ ಆಕರ್ಷಣೆಯು ಮುಖ್ಯವಾಗಿ ಇರುವುದು ಆ ತೀರ್ಮಾನದಲ್ಲಿ. ತಾಳ್ಮೆಯು ಅದಕ್ಕೆ ಸಾಧನ ಮಾತ್ರ.