ಮಸ್ಕತ್ತಿನ ಸೆಕೆಯೂ ಟೆನಿಸ್‌ನ ಬಿಡುವೂ

ಟೆನಿಸ್ ನಿಯಮಗಳಿಗೆ ಆಟ ನಿಲ್ಲುವುದೆಂದರೆ ಆಗದು. ಅಂಕ ಮುಗಿದು ಮುಂದಿನ ಸರ್ವ್‌ಗೆ 25 ಸೆಕೆಂಡು, ಬದಿ ಬದಲಿಸುವಾಗ 90, ಸೆಟ್ ಮುಗಿದಾಗ 120. ಸೆಟ್ಟಿನ ಮೊದಲ ಗೇಮ್ ಆದಮೇಲೆ ಬದಿ ಬದಲಿಸಬೇಕು, ಕೂರುವಂತಿಲ್ಲ. ದಣಿದವರಿಗೆ ಸುಧಾರಿಸಿಕೊಳ್ಳಲೆಂದೇ ಹೆಚ್ಚು ಹೊತ್ತು ಕೊಡಬಾರದು, ತಾಳಿಕೆಯೂ ಆಟದ ಭಾಗ ಎಂಬುದು ಇದರ ನ್ಯಾಯ. ಲಂಡನ್ನಿನ ತಂಪಿನಲ್ಲಿ ಒಪ್ಪಬಹುದು. ಒಮಾನಿನ ಹೆಸರನ್ನು ಜಗತ್ತಿನ ಟೆನಿಸ್‌ಗೆ ಮುಟ್ಟಿಸಿದ ಫಾತ್ಮಾ ಅಲ್ ನಬ್ಹಾನಿಯವರ ಮಸ್ಕತ್ತಿನಲ್ಲಿ, ಅದೂ ಜೂನ್ ತಿಂಗಳಲ್ಲಿ, ಒಪ್ಪಲಾರೆ.

ಮಹಿಳಾ ಟೆನಿಸ್ ಸಂಸ್ಥೆ 1992ರಲ್ಲೇ ವಿಪರೀತ ಸೆಕೆಯಿದ್ದರೆ ಮೂರನೇ ಸೆಟ್ಟಿಗೆ ಮುಂಚೆ 10 ನಿಮಿಷದ ಬಿಡುವು ತಂದಿತು. ಪುರುಷರ ಎಟಿಪಿ ಎಚ್ಚರಗೊಂಡದ್ದು ತೀರ ತಡವಾಗಿ. 2025ರ ಅಕ್ಟೋಬರಿನಲ್ಲಿ ಶಾಂಘೈಯ ಧಗೆಗೆ ಯಾನಿಕ್ ಸಿನ್ನರ್ ಸ್ನಾಯುಸೆಳೆತದಿಂದ ಪಂದ್ಯದ ನಡುವೆಯೇ ಹಿಂದೆ ಸರಿದರು; 2026ಕ್ಕೆ ನಿಯಮ ಬಂತು. ಮೊದಲೆರಡು ಸೆಟ್ಟುಗಳಲ್ಲಿ ಸೆಕೆ ಅಳೆಯುವ ಸೂಚ್ಯಂಕ 30.1 ಡಿಗ್ರಿ ಮುಟ್ಟಿದರೆ ಬಿಡುವು ಕೇಳಬಹುದು, 32.2 ದಾಟಿದರೆ ಆಟವೇ ಸ್ಥಗಿತ. ಈ ವೆಟ್ ಬಲ್ಬ್ ಗ್ಲೋಬ್ ಸೂಚ್ಯಂಕ ಗಾಳಿಯ ತೇವ, ಬಿಸಿಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನಿಯಮದ ನಿಜವಾದ ಬಲ ಇದೇ. ಕಡಲಂಚಿನ ಮಸ್ಕತ್ತಿನಲ್ಲಿ ಹೊತ್ತು ಮುಳುಗಿದ ಮೇಲೂ ಬೆವರು ಆರುವುದಿಲ್ಲ. ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಿಯಮ ಸೋಲುವುದು ಆ ‘ಕೇಳಬಹುದು’ ಎಂಬಲ್ಲಿ. ಒಬ್ಬರು ಕೇಳಿದರೆ ಇಬ್ಬರಿಗೂ ಸಿಗುತ್ತದೆ, ಸರಿ. ಆದರೆ ಎದುರಾಳಿಯ ಕಣ್ಣೆದುರು ‘ನನ್ನಿಂದಾಗದು’ ಎಂದು ಕೈ ಎತ್ತುವವರು ಯಾರು? ಅದೇ ಬಿಸಿಲಲ್ಲಿ ನಿಂತ ಚೆಂಡು ಹೆಕ್ಕುವ ಮಕ್ಕಳಿಗಂತೂ ಕೇಳುವ ಹಕ್ಕೇ ಇಲ್ಲ. ಈ ವಿಷಯದಲ್ಲಿ ಒಮಾನಿನ ಕಾರ್ಮಿಕ ಕಾನೂನು ಮೇಲು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರ ತನಕ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. ಗಾರೆ ಕೆಲಸದವ ಯಾರ ಮುಂದೆಯೂ ಬೇಡಬೇಕಿಲ್ಲ. ಹಾಗೆಂದು ಗಡಿಯಾರ ನೋಡುವ ಕಾನೂನಿಗೆ ಸಂಜೆಯ ತೇವ ಕಾಣದು ಎಂಬುದನ್ನೂ ಮರೆಯಬಾರದು. ಅಳತೆ ಟೆನಿಸ್‌ನದಿರಲಿ, ಕಡ್ಡಾಯ ಒಮಾನಿನದಿರಲಿ.

ಮಾಪಕವೂ ಇಲ್ಲದ, ಅಂಪೈರ್ ಕುರ್ಚಿಯೂ ಇಲ್ಲದ ಸಣ್ಣ ಪಂದ್ಯಾವಳಿಗಳಿಗೆ ಇನ್ನೊಂದು ದಾರಿಯಿದೆ. ಮೂರು ಸೆಟ್ಟಿನ ಪಂದ್ಯದಲ್ಲಿ ಎರಡನೆಯದರ ನಂತರ 10 ನಿಮಿಷದವರೆಗೆ ಬಿಡುವು ಕೊಡಲು ಅಂತರರಾಷ್ಟ್ರೀಯ ನಿಯಮವೇ ಸಂಘಟಕರಿಗೆ ಅವಕಾಶ ಕೊಟ್ಟಿದೆ. ಪಂದ್ಯಾವಳಿಗೆ ಮುಂಚೆಯೇ ಸಾರಿರಬೇಕು, ಅಷ್ಟೆ. ಕೊಲ್ಲಿಯಲ್ಲಿ ಪಂದ್ಯಾವಳಿ ನಡೆಸುವ ಕನ್ನಡಿಗರು ಈ ಸಾಲನ್ನು ಪ್ರವೇಶ ಅರ್ಜಿಯಲ್ಲೇ ಅಚ್ಚು ಹಾಕಿಸಲಿ.