ಪಾಲಿಕೆಯ ಅಂಗಳದಲ್ಲಿ ಪಾಲಿಕೆಗೇ ನೆನಪಿನ ಕಲ್ಲಿಲ್ಲ

ಬೆಂಗಳೂರಿನ ಹಡ್ಸನ್ ವೃತ್ತದಲ್ಲಿ ಒಂದು ಕಾಲಕ್ಕೆ ಎತ್ತರದ ಕಲ್ಲಿನ ಸ್ತಂಭವೊಂದಿತ್ತು. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿದಾಗ ಸತ್ತ ಬ್ರಿಟಿಷರಿಗಾಗಿ ಎತ್ತಿದ ಸ್ಮಾರಕ ಅದು. ಕನ್ನಡ ಹೋರಾಟಗಾರರ ಒತ್ತಾಯದ ಬಳಿಕ 1964ರಲ್ಲಿ ಪಾಲಿಕೆ ಅದನ್ನು ಕೆಡವಿಸಿತು. ಆ ಸ್ಮಾರಕದಿಂದ ಹೆಸರು ಪಡೆದಿದ್ದ ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು.

ಕೆಡವಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಕೋಟೆ ಕಾಯುತ್ತಲೇ ಪ್ರಾಣ ಬಿಟ್ಟ ಕಿಲ್ಲೇದಾರ ಬಹಾದೂರ್ ಖಾನನನ್ನೂ ಅವನ ಜೊತೆಗೆ ಬಿದ್ದವರನ್ನೂ ಬಿಟ್ಟು, ದಾಳಿಗೆ ಬಂದವರನ್ನಷ್ಟೇ ಊರ ನಡುವೆ ಗೌರವಿಸುವ ಕಲ್ಲು ಸ್ವತಂತ್ರ ದೇಶದಲ್ಲಿ ಹಾಗೆಯೇ ಉಳಿಯಬೇಕಿರಲಿಲ್ಲ. ನನ್ನ ತಕರಾರು ಆಮೇಲಿನದರ ಬಗ್ಗೆ. ಅಲ್ಲಿ ಏನಿತ್ತು, ಯಾಕೆ ತೆಗೆದೆವು ಎಂದು ಎರಡು ಸಾಲು ಕೆತ್ತಿಸಿದ್ದರೆ ಆ ನಿರ್ಧಾರವೂ ನಗರದ ಚರಿತ್ರೆಯ ಭಾಗವಾಗುತ್ತಿತ್ತು. ಅಲ್ಲಿಂದ ಸ್ವಲ್ಪ ದೂರದ ಕೋಟೆ ಗೋಡೆಯಲ್ಲಿ, ಬ್ರಿಟಿಷರು ಒಳನುಗ್ಗಿದ್ದು ಇಲ್ಲಿಂದಲೇ ಎಂದು ಸಾರುವ ಹಳೆಯ ಫಲಕ ಇಂದಿಗೂ ಇದೆ. ಹೀಗಾಗಿ ಕಲ್ಲಿನ ಮೇಲೆ ಮಾತಾಡುತ್ತಿರುವುದು ಈಗಲೂ ಗೆದ್ದವರೇ.

ಅದೇ ವೃತ್ತದ ಬಳಿಯ ಪಾಲಿಕೆ ಕಚೇರಿಯ ಮುಂದೆ ಕೆಂಪೇಗೌಡರ ಪ್ರತಿಮೆ ಇದೆ. ಊರು ಕಟ್ಟಿದವನಿಗೆ ಅದು ಸಲ್ಲಬೇಕಾದ ಜಾಗವೇ. ಆದರೆ ಊರನ್ನು ದಿನವೂ ನಡೆಸಿದವರು ಎಲ್ಲಿ? 1862ರಲ್ಲಿ ಪೇಟೆಗೊಂದು, ದಂಡು ಪ್ರದೇಶಕ್ಕೊಂದು (ಕಂಟೋನ್ಮೆಂಟ್) ಎಂದು ಎರಡು ಮುನಿಸಿಪಲ್ ಮಂಡಳಿಗಳು ಹುಟ್ಟಿದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. 1949ರಲ್ಲಿ ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಒಂದೇ ಊರಿನ ಜನ ಎಂಬತ್ತೇಳು ವರ್ಷ ಎರಡು ಪುರಸಭೆಗಳಿಗೆ ತೆರಿಗೆ ಕಟ್ಟಿದ ಈ ಕತೆಗೆ ಪಾಲಿಕೆಯ ಮುಂದೆ ಒಂದು ಫಲಕವೂ ಇಲ್ಲ. 1898ರ ಪ್ಲೇಗಿನಲ್ಲಿ ಜನ ಪೇಟೆ ಬಿಟ್ಟು ಓಡಿದಾಗ ಬೀದಿ ಗುಡಿಸಿದವರು, ಹೆಣ ಹೊತ್ತವರು ಯಾರು? ಆ ಪ್ಲೇಗಿನ ಬಳಿಕ ಬೆಳೆದ ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳನ್ನು ಮೆಚ್ಚುವಾಗ ಆ ಸಾವುಗಳ ಮಾತು ಬರುವುದೇ ಕಡಿಮೆ.

ಒಂದು ಅಪವಾದವುಂಟು. 1935ರಲ್ಲಿ ತೆರೆದ ಪುರಭವನಕ್ಕೆ ನಗರ ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರ ಹೆಸರಿದೆ. ಪುರಸಭೆಯವರ ಹೆಸರಿನ, ನಾಗರಿಕರು ಒಳಗೆ ಕೂತು ಬಳಸುವ ಕಟ್ಟಡ. ಈ ಭಾಗದಲ್ಲಿ ನನಗೆ ಹೆಚ್ಚು ಒಪ್ಪಿಗೆಯಾಗುವ ಸ್ಮಾರಕ ಇದೇ. ಅದರ ಮೆಟ್ಟಿಲ ಬಳಿ ದಶಕಗಳ ಕಾಲ ನಡೆದ ಧರಣಿಗಳೂ ಅದರ ಅರ್ಥವನ್ನು ಹೆಚ್ಚಿಸಿವೆ.

2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮತ್ತೆ ಚುನಾವಣೆ ನಡೆಯದೆಯೇ 2025ರಲ್ಲಿ ನಗರ ಐದು ಪಾಲಿಕೆಗಳಾಯಿತು. ಹೊಸ ಕಚೇರಿಗಳು ಏಳುತ್ತವೆ, ಶಂಕುಸ್ಥಾಪನೆಯ ಕಲ್ಲುಗಳಲ್ಲಿ ಮಂತ್ರಿ, ಶಾಸಕರ ಹೆಸರುಗಳು ತುಂಬುತ್ತವೆ. ಅವುಗಳ ಪಕ್ಕದಲ್ಲಿ 1862ರಿಂದ ಈ ಪ್ರದೇಶವನ್ನು ಯಾವ ಮಂಡಳಿ ಆಳಿತು, ಯಾವ ವರ್ಷಗಳಲ್ಲಿ ಜನರ ಪ್ರತಿನಿಧಿಗಳೇ ಇರಲಿಲ್ಲ ಎಂಬುದನ್ನೂ ಬರೆಸಬೇಕು. ಹಡ್ಸನ್ ವೃತ್ತದಲ್ಲಿ 1964ರ ಆ ಎರಡು ಸಾಲು ಕೆತ್ತಿಸಲು ಈಗಲೂ ಜಾಗವಿದೆ.