ಎಲೆ ನೋಡುವ ಕೈಯಲ್ಲಿ ಕಾರು ನೋಡುವುದು

ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಯಲ್ಲಿ ಬೇಲುಗಳ ಸಾಲಿನ ನಡುವೆ ನಡೆಯುವ ಖರೀದಿದಾರನ ಕೈ ನೋಡಬೇಕು. ಎಲೆಯ ದರ್ಜೆ ಕಾಗದದಲ್ಲಿ ಬರೆದಿದ್ದರೂ ಅವನು ಒಂದು ಹಿಡಿ ಎಳೆದು ಬೆಳಕಿಗೆ ಹಿಡಿಯುತ್ತಾನೆ, ಬೆರಳ ನಡುವೆ ಹೊಸಕುತ್ತಾನೆ, ಮೂಗಿಗೆ ತರುತ್ತಾನೆ. ಎಲೆ ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿ ಎಷ್ಟು ಹದವಾಗಿತ್ತು, ಯಾವ ರಾತ್ರಿ ಆತುರವಾಯಿತು ಎಂಬುದೆಲ್ಲ ಆ ಎಲೆಯಲ್ಲೇ ಇರುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ದುಡ್ಡು ಕೈಸೇರಿದ ಮೇಲೆ ಹಳೆ ಕಾರು ನೋಡಲು ಹೊರಡುವವರು ಅದೇ ಕೈಯನ್ನೂ ಅದೇ ಮೂಗನ್ನೂ ಜೊತೆಗೆ ಒಯ್ಯಬೇಕು. ಅದರಲ್ಲೂ ಮನಸ್ಸು ಹಾಟ್ ಹ್ಯಾಚ್ ಮೇಲೆ ನೆಟ್ಟಿದ್ದರೆ.

ಹಾಟ್ ಹ್ಯಾಚ್ ಎಂದರೆ ಸಂಸಾರಸ್ಥರ ಸಣ್ಣ ಕಾರಿನ ಹೊಟ್ಟೆಯೊಳಗೆ ಅದರ ಯೋಗ್ಯತೆಗೆ ಮೀರಿದ ಎಂಜಿನ್. ಸಂತೆಗೂ ಸೈ, ಘಾಟಿಗೂ ಸೈ. ಈ ಜಾತಿಗೆ ಹೆಸರು ತಂದದ್ದು 1976ರಲ್ಲಿ ಜರ್ಮನಿಯ ರಸ್ತೆಗಿಳಿದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ. 1.6 ಲೀಟರಿನ ಎಂಜಿನ್, 110 ಅಶ್ವಶಕ್ತಿ, ಚೌಕುಳಿ ಬಟ್ಟೆಯ ಸೀಟು, ಗಾಲ್ಫ್ ಚೆಂಡಿನ ಆಕಾರದ ಗೇರ್ ಗುಬುಟು. ಆ ಗುಬುಟನ್ನು ಯೋಚಿಸಿದ ತಲೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ. ನಮ್ಮಲ್ಲಿಗೆ ಈ ಹುಚ್ಚು ತಡವಾಗಿ ಬಂತು. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರಿಗೆ 105 ಅಶ್ವಶಕ್ತಿ. 2015ರಲ್ಲಿ ಚೇಳಿನ ಮುದ್ರೆ ಹೊತ್ತ ಅಬಾರ್ತ್ ಪುಂಟೊ, 145 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು. 2017ರಲ್ಲಿ ಬಲೆನೊ ಆರ್‌ಎಸ್, 102. ಈ ಟರ್ಬೊ ಗಾಡಿಗಳು ಮೂರೂ ಷೋರೂಮಿನಿಂದ ಎದ್ದುಹೋಗಿವೆ. ಪೋಲೊ 2022ರಲ್ಲಿ ಕೊನೆಯದಾಗಿ ವಿದಾಯ ಹೇಳಿತು. ಇವು ಬೇಕೆಂದವನು ಇನ್ನೊಬ್ಬ ಓಡಿಸಿದ್ದನ್ನೇ ಕೊಳ್ಳಬೇಕು. ಹಾಗಾಗಿ ನೋಡುವ ವಿದ್ಯೆ ಕಲಿಯದೆ ಬೇರೆ ದಾರಿಯಿಲ್ಲ.

ಆ ವಿದ್ಯೆಯಲ್ಲಿ ಸುಖವೂ ಇದೆ. ಬೆಳಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರುವಾಗ. ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಯಾರೋ ಮೊದಲೇ ಚಾಲೂ ಮಾಡಿ ಏನನ್ನೋ ಅಡಗಿಸಿದ್ದಾರೆ, ಚಹಾ ಕುಡಿದು ನಾಳೆ ಬರುತ್ತೇನೆ ಎನ್ನಿ. ತಣ್ಣಗಿದ್ದರೆ ಮಾಲೀಕನ ಕೈಲೇ ಕೀಲಿ ತಿರುಗಿಸಿ, ನೀವು ಹಿಂದೆ ನಿಲ್ಲಿ. ಆ ಮೊದಲ ಕೆಲವು ಸೆಕೆಂಡುಗಳಷ್ಟು ನಿಜ ಹೇಳುವ ಗಳಿಗೆ ಇಡೀ ವ್ಯಾಪಾರದಲ್ಲಿ ಮತ್ತೊಂದಿಲ್ಲ. ಎಣ್ಣೆ ಇನ್ನೂ ಮೇಲೇರಿರುವುದಿಲ್ಲ; ಸಡಿಲವಾದದ್ದೆಲ್ಲ ಗಲಗಲ ಎನ್ನುತ್ತದೆ, ಸರಿಯಿದ್ದದ್ದು ಸುಮ್ಮನೆ ಗುನುಗಿಗೆ ಇಳಿಯುತ್ತದೆ. ಚಳಿಗಾಲದ ಬಿಳಿ ಆವಿ ಬರೀ ನೀರು, ಬಿಸಿಯಾದರೆ ಮಾಯ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ, ಟರ್ಬೊದ ಸೀಲೂ ಇರಬಹುದು. ಎಣ್ಣೆ ತುಂಬುವ ಮುಚ್ಚಳ ತೆಗೆದು ಒಳಗೆ ಇಣುಕಿ. ಜೇನಿನ ಬಣ್ಣ ಇಷ್ಟ, ಟಾರಿನಂಥ ಗಟ್ಟಿ ಕಪ್ಪು ಕಷ್ಟ. ಟರ್ಬೊ ಗಾಡಿಗೆ ಎಣ್ಣೆಯೇ ಉಸಿರು. ಎಣ್ಣೆ ಬದಲಿಸಲು ಜಿಪುಣತನ ಮಾಡಿದವನ ಕಾರು ಎಷ್ಟು ಹೊಳೆದರೂ ಬೇಡ.

ಆಮೇಲೆ ಓಡಿಸಿ. ಮೂರನೇ ಗೇರಿನಲ್ಲಿ ಎರಡು ಸಾವಿರ ಆರ್‌ಪಿಎಂನಿಂದ ಕಾಲು ಪೂರ್ತಿ ಒತ್ತಿದಾಗ ಅರೆಕ್ಷಣದ ಮೌನ, ತೆಳ್ಳನೆಯ ಸಿಳ್ಳು, ಬೆನ್ನಿಗೊಂದು ತಳ್ಳು. ಆ ತಳ್ಳು ಒಂದೇ ಸಮ ಬರಬೇಕು, ತೊದಲಬಾರದು. ಸಿಳ್ಳು ಕಿರುಚಾಟವಾದರೂ ತಪ್ಪು. 1.2 ಲೀಟರಿನ ಪೋಲೊ ಜಿಟಿ ಟಿಎಸ್‌ಐ ಆದರೆ ಇದಕ್ಕಿಂತ ಮುಖ್ಯ ಪರೀಕ್ಷೆ ಹುಣಸೂರು ಬಸ್ ನಿಲ್ದಾಣದ ಸಂದಣಿಯಲ್ಲಿದೆ. ಅದರ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಖಾಲಿ ರಸ್ತೆಯಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಗೇರು ಬದಲಿಸುವ ಅದಕ್ಕೆ ತೆವಳುವ ಟ್ರಾಫಿಕ್ಕೇ ಶತ್ರು. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ, ರಿವರ್ಸ್ ಹಾಕಿದಾಗ ಹಿಂಜರಿದು ಟಕ್ ಎಂದರೆ, ಕ್ಲಚ್ಚೋ ಅದನ್ನು ನಡೆಸುವ ಮೆಕಟ್ರಾನಿಕ್ ಘಟಕವೋ ದಣಿದಿದೆ. ಅದರ ರಿಪೇರಿ ಲಕ್ಷದ ಮಾತು.

ಮೈ ನೋಡುವುದಕ್ಕೆ ಬಿಸಿಲು ಓರೆಯಾಗಿರಬೇಕು. ಬಾಗಿಲ ಸಂದುಗಳು ಒಂದೇ ಅಗಲವಿವೆಯೇ, ಬಾನೆಟ್ ಕೀಲಿನ ಬೋಲ್ಟುಗಳ ಬಣ್ಣ ಎದ್ದಿದೆಯೇ ನೋಡಿ. ಸ್ಪ್ಯಾನರ್ ಮುಟ್ಟಿದ ಬೋಲ್ಟು ಸುಳ್ಳು ಹೇಳಲಾರದು. ಟೈರಿನ ಪಕ್ಕೆಯಲ್ಲಿ ಕೊನೆಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ ಇಪ್ಪತ್ತಮೂರನೇ ವಾರ. ಮೀಟರು ನಲವತ್ತು ಸಾವಿರ ಎನ್ನುತ್ತಿರುವಾಗ ಪೆಡಲಿನ ರಬ್ಬರು ನುಣ್ಣಗೆ ಸವೆದು, ಸ್ಟಿಯರಿಂಗಿನ ಚರ್ಮ ಮಿರಿಮಿರಿ ಮಿಂಚಿದರೆ ಪೆಡಲನ್ನೇ ನಂಬಿ. ‘ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್’ ಎಂಬ ಮಂತ್ರ ಎಲ್ಲ ಕಡೆಯೂ ಕೇಳುತ್ತದೆ. ನಾಡಿನಲ್ಲಿ ಅಷ್ಟೊಂದು ವೈದ್ಯರಿದ್ದಾರೆಂದು ಆರೋಗ್ಯ ಇಲಾಖೆಗೂ ಗೊತ್ತಿರಲಿಕ್ಕಿಲ್ಲ.

ನಂಬರ್ ಪ್ಲೇಟಿನಲ್ಲೂ ಕತೆಯಿದೆ. ಕೆಎ 45 ಹುಣಸೂರಿನದು, ಕೆಎ 12 ಕೊಡಗಿನದು. 2018 ಮತ್ತು 2019ರ ಆಗಸ್ಟಿನಲ್ಲಿ ಕೊಡಗು ಕಂಡ ನೀರು ನೆನಪಿರುವವರು ಆ ಕಾಲದ ಕಾರಿನ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುತ್ತಾರೆ. ತೊಳೆಯುವವರು ಅಲ್ಲಿಯವರೆಗೆ ಹೋಗುವುದಿಲ್ಲ, ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿಯ ಗುಂಡಿಯಲ್ಲಿ ಸಣ್ಣ ಮರಳು, ಕಾರ್ಪೆಟ್ಟಿನಡಿ ಮುಗ್ಗಲು ವಾಸನೆ. ಕಾಡಿನ ಆಚೆ ವಯನಾಡಿನಿಂದ ಎಚ್.ಡಿ. ಕೋಟೆಗೆ ಬರುವ ಕೆಎಲ್ ಗಾಡಿ ಅಗ್ಗವೆನಿಸುತ್ತದೆ. ಅಲ್ಲಿನ ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ ಸೇರಿಸಿ ಕೂಡಿದರೆ ಆ ಅಗ್ಗ ಕರಗುತ್ತದೆ. ಸಾಲದ ನಮೂದು ಆರ್‌ಸಿಯಲ್ಲಿದ್ದರೆ ಬ್ಯಾಂಕ್ ಸಹಿ ಮಾಡಿದ ಫಾರಂ 35 ಕೇಳಿ. ಕಾಗದದ ಮಾತು ಇಷ್ಟು ಸಾಕು.

ಹಾಟ್ ಹ್ಯಾಚ್‌ನ ದೊಡ್ಡ ಅಪಾಯ ಹಿಂದಿನ ಮಾಲೀಕನ ಉತ್ಸಾಹ. ಎಂಜಿನ್ನಿನ ಕಂಪ್ಯೂಟರಿಗೆ ಹೊಸ ಮ್ಯಾಪು ಬರೆಸಿ ಇಪ್ಪತ್ತು ಮೂವತ್ತು ಅಶ್ವಶಕ್ತಿ ಏರಿಸುವುದು ಹುಡುಗರಲ್ಲಿ ಮಾಮೂಲು. ನೇರವಾಗಿ ಕೇಳಿಬಿಡಿ. ಮಾಡಿಸಿದವನಿಗೆ ಹೆಮ್ಮೆ ತಡೆಯಲಾಗದು, ತಾನೇ ಬಿಲ್ಲು ತೋರಿಸುತ್ತಾನೆ. ಮಾರುವ ಮುನ್ನ ಹಳೆಯದಕ್ಕೆ ತಿರುಗಿಸಿ ಬಾಯಿ ಮುಚ್ಚಿದವನೇ ಕಷ್ಟ. ಪೋಲೊಗಳು ರ‍್ಯಾಲಿಯಲ್ಲೂ ಬೆವರು ಹರಿಸಿದ ಕಾರುಗಳು. ನೆಲದ ತಗಡಿನಲ್ಲಿ ಮುಚ್ಚಿದ ತೂತುಗಳ ಸಾಲು ಕಂಡರೆ ಅಲ್ಲೊಂದು ರೋಲ್ ಕೇಜ್ ಇತ್ತು. ಅದು ದೋಷವೇ? ನನಗಂತೂ ಸ್ವಲ್ಪ ಗೌರವವೇ ಹುಟ್ಟುತ್ತದೆ. ಬೆಲೆ ಮಾತ್ರ ಇಳಿಸುತ್ತೇನೆ.

ಇಷ್ಟೆಲ್ಲ ದಾಟಿದ ಕಾರನ್ನು ಹುಣಸೂರಿನಿಂದ ತಿತಿಮತಿ, ಗೋಣಿಕೊಪ್ಪದ ಕಡೆ ತಿರುಗಿಸಿದರೆ ಅದರ ಸ್ವಭಾವ ಅರಳುತ್ತದೆ. ಕಾಡಿನೊಳಗೆ ಆನೆಯ ಕಾರಣಕ್ಕೆ ನಿಧಾನ. ಕಾಡು ಮುಗಿದು ಕಾಫಿ ತೋಟದ ತಿರುವುಗಳು ಶುರುವಾದ ಮೇಲೆ, ವೇಗ ಐವತ್ತು ಅರವತ್ತರಲ್ಲೇ ಇದ್ದರೂ, ಸ್ಟಿಯರಿಂಗಿನ ತೂಕ ಅಂಗೈಗೆ ತಿಳಿಯುತ್ತದೆ. ಅಬಾರ್ತ್ ಈ ರುಚಿಯಲ್ಲಿ ಎಲ್ಲಕ್ಕಿಂತ ಮೇಲು. ಹೈಡ್ರಾಲಿಕ್ ಸ್ಟಿಯರಿಂಗ್ ಆದ್ದರಿಂದ ರಸ್ತೆಯ ಒಂದೊಂದು ಕಲ್ಲಿನ ಸುದ್ದಿಯೂ ಕೈಗೆ ಬರುತ್ತದೆ. ಆದರೆ ನೆಲದಿಂದ ಅದರ ಹೊಟ್ಟೆಗೆ 155 ಮಿಲಿಮೀಟರ್. ಸುಣ್ಣವನ್ನೂ ಬಳಿಯದ ನಮ್ಮ ಹಳ್ಳಿಗಳ ಹಂಪ್ಸ್ ಅದಕ್ಕೆ ತಿಳಿದಿಲ್ಲ. ಫಿಯಟ್ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿದೆ, ಬಿಡಿಭಾಗಕ್ಕೆ ಅಲೆಯಬೇಕು.

ಹೀಗಾಗಿ ನನ್ನ ಓಟು 2020ರ ನಂತರದ ಒಂದು ಲೀಟರ್ ಪೋಲೊ ಟಿಎಸ್‌ಐಗೆ, ಆರು ಗೇರಿನ ಮ್ಯಾನ್ಯುವಲ್‌ಗೆ. 110 ಅಶ್ವಶಕ್ತಿ, ಡಿಎಸ್‌ಜಿಯ ಚಿಂತೆಯಿಲ್ಲ. ಚೇಳಿನ ಕಾರನ್ನು ಮನೆಯಲ್ಲಿ ಇನ್ನೊಂದು ಗಾಡಿ ಇರುವವರು ಕೊಳ್ಳಲಿ.